ಸಹಿ ಹಾಕದ ಐದನೆಯವನು

ಮೊದಲ ಭೇಟಿಯಲ್ಲೇ ಅವಳು ಅವನಿಗೆ ಬೈದಿದ್ದಳು!

ಎರಡು ವರ್ಷದ ಹಿಂದಿನ ಮಾತು. ಸಂಖ್ಯಾಶಾಸ್ತ್ರ ವಿಭಾಗದ ಆ ಮೇಷ್ಟ್ರು ಅವಳ ಕೋಣೆಗೆ ಬಂದವನೇ ಅಂಗೈಗೆ ಸೀನಿ, ಅದೇ ಕೈಯನ್ನು ಕುಲುಕಲು ಚಾಚಿದ್ದ.

"ಮೊದಲು ಕೈ ತೊಳ್ಕೊಂಡು ಬನ್ನಿ! ಇದು ಆರೋಗ್ಯ ಶಿಕ್ಷಣ ವಿಭಾಗ ರೀ!"

ಅವನು ಮರುಮಾತಾಡದೆ ಹೋಗಿ ತೊಳೆದು ಬಂದ. ಮೊಣಕೈವರೆಗೂ! ವಿದ್ಯಾರ್ಥಿಗಳು ಬೆನ್ನ ಹಿಂದೆ 'ಸೋಪು ಮೇಡಂ' ಎನ್ನುತ್ತಿದ್ದ ಅವಳಿಗೆ ಅವತ್ತು ನಗು ತಡೆಯಲು ಕಷ್ಟವಾಗಿತ್ತು.

ಆಮೇಲೆ ಪ್ರತಿ ಗುರುವಾರ ಇಬ್ಬರೂ ನಲವತ್ತು ಶಾಲೆಗಳ ಹಾಜರಿ ಪುಸ್ತಕ ಹರಡಿಕೊಂಡು ಕೂರುತ್ತಿದ್ದರು. ಅವಳು ಮಕ್ಕಳಿಗೆ ಕೈ ತೊಳೆಯುವ ಪಾಠ ಶುರು ಮಾಡಿದ ಮೇಲೆ ಹೊಟ್ಟೆ ಕೆಟ್ಟು ಶಾಲೆ ತಪ್ಪಿಸುವವರು ಎಷ್ಟು ಕಡಿಮೆಯಾದರು ಎಂದು ನೋಡಬೇಕಿತ್ತು. ಪಾಠ ಅವಳದು, ಲೆಕ್ಕ ಅವನದು, ಜಗಳ ಇಬ್ಬರದೂ.

ಆದರೆ ಅವಳ ಬಡ್ತಿ ಸಮಿತಿಗೆ ಹೊರ ವಿಭಾಗದ ಸದಸ್ಯನಾಗಿ ಅವನ ಹೆಸರು ಬಂದದ್ದೇ ತಡ, ಗುರುವಾರಗಳು ನಿಂತುಹೋದವು. ಒಂದು ಫೋನೂ ಇಲ್ಲ!

ಇವತ್ತು ವಿಭಾಗದ ಮುಖ್ಯಸ್ಥರು ಅವಳನ್ನು ಕರೆದು, ಕನ್ನಡಕ ಒರೆಸುತ್ತಾ ಹೇಳಿದರು.

"ಐವರಲ್ಲಿ ನಾಲ್ವರು ಸಹಿ ಹಾಕಿದೀವಿ. ನಿಮ್ಮ ಗುರುವಾರದ ಸ್ನೇಹಿತರು ಹಾಕ್ಲಿಲ್ಲ. ಐದೂ ಸಹಿ ಇಲ್ದೆ ಸಂದರ್ಶನ ಇಲ್ಲ. ಮುಂದಿನ ಸಲ ನೋಡೋಣ ಬಿಡಿ."

ಮುಂದಿನ ಸಲ ಎಂದರೆ ಮೂರು ವರ್ಷ! ಸಹ ಪ್ರಾಧ್ಯಾಪಕಿಯಾಗಿ ಹನ್ನೊಂದು ವರ್ಷ ಆಗಲೇ ಸವೆದಿತ್ತು. 'ಹಲ್ಲುಜ್ಜೋದು ಹೇಳ್ಕೊಡೋಕೂ ಪ್ರೊಫೆಸರ್ ಬೇಕೇನ್ರೀ?' ಎಂದು ತುಂಬಿದ ಸಭೆಯಲ್ಲಿ ನಕ್ಕವರು ಇದೇ ಮುಖ್ಯಸ್ಥರು. ಆಗ ಹಲ್ಲು ಕಚ್ಚಿ ಸಹಿಸಿದ್ದಳು. ಆದರೆ ಇವನು...? ಇವನೂನಾ?

ಮೆಟ್ಟಿಲಿಳಿದು ಅವನ ಬಾಗಿಲು ತಳ್ಳಿದಳು.

"ಯಾಕೆ ಸಹಿ ಹಾಕ್ಲಿಲ್ಲ?"

ಅವನ ಮುಖ ಬಿಳಿಚಿಕೊಂಡಿತು. "ನಿಮ್ಮ ಫೈಲ್ ಇನ್ನೂ... ಮುಂದೆ ಹೋಗಿಲ್ವಾ?"

"ನಾಟಕ ಬೇಡ! ಕಾರಣ ಹೇಳಿ."

"ಸಮಿತಿ ವಿಷಯ... ನಾನು ಹೇಳೋ ಹಾಗಿಲ್ಲ ಮೇಡಂ."

"ಎರಡು ವರ್ಷ ನನ್ನ ಕೆಲಸ ನೋಡಿದ ನೀವೇ ಬೆನ್ನಿಗೆ ಚೂರಿ ಹಾಕಿದ್ರಲ್ಲ! ಇನ್ಮೇಲೆ ನಿಮ್ಮ ಮುಖ ನೋಡಿದ್ರೆ ಕೇಳಿ!"

ಬಾಗಿಲು ಬಡಿದ ಸದ್ದಿಗೆ ಪಕ್ಕದ ತರಗತಿಯ ಪಾಠ ನಿಂತಿತು.

ಮನೆಯಲ್ಲಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ತಂಗಿ ತೊಳೆದ ಲೋಟವನ್ನೇ ಮೂರನೇ ಸಲ ತೊಳೆಯುತ್ತಿದ್ದುದನ್ನೂ ನೋಡಿದಳು.

"ಯಾಕೆ ಹಾಕ್ಲಿಲ್ಲ ಅಂತ ಬರೆದುಕೊಟ್ಟಿರ್ಬೇಕಲ್ವೇನೇ? ಅದನ್ನ ಓದಿದ್ಯಾ?"

"ಓದೋದೇನಿದೆ ಅಕ್ಕಾ?"

"ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಕಣೇ. ಮೊದಲು ಓದು."

ಮರುದಿನ ಕುಲಸಚಿವರ ಕಚೇರಿಗೆ ಹೋಗಿ ತನ್ನ ಕಡತ ಕೇಳಿದಳು. ಗುಮಾಸ್ತೆ ಕಡತ ಕೊಡುವಾಗ ಯಾಕೋ ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದಳು.

"ಮೇಲಿರೋ ಕಾಗದ ಓದಿ ಮೇಡಂ. ಸಂಖ್ಯಾಶಾಸ್ತ್ರದ ಮೇಷ್ಟ್ರು ಅದನ್ನ ನಿಮ್ಮ ಮುಖ್ಯಸ್ಥರಿಗೆ ಮೂರು ವಾರದ ಹಿಂದೇನೇ ಕೊಟ್ಟಿದ್ರಂತೆ. ಇಲ್ಲಿಗೆ ಬಂದಿಲ್ಲ ಅಂತ ಗೊತ್ತಾಗಿ, ಇವತ್ತು ನಾನು ಬೀಗ ತೆಗೆಯೋ ಮೊದಲೇ ಬಂದು ನಕಲು ಕೊಟ್ಟು ಹೋದ್ರು."

ಅವನದೇ ಅಕ್ಷರ!

'ಅಭ್ಯರ್ಥಿಯನ್ನು ನಾನು ಪ್ರೀತಿಸುತ್ತೇನೆ. ಅವರಿಗೆ ಇದು ತಿಳಿದಿಲ್ಲ. ಆದ್ದರಿಂದ ಅವರ ಕೆಲಸದ ಬಗ್ಗೆ ನಾನು ತೀರ್ಪು ಕೊಡುವುದು ಸರಿಯಲ್ಲ. ನನ್ನ ಸ್ಥಾನಕ್ಕೆ ಬೇರೆಯವರನ್ನು ಕೂಡಲೇ ನೇಮಿಸಬೇಕೆಂದು ಕೋರುತ್ತೇನೆ. ನನ್ನಿಂದಾಗಿ ಅವರಿಗೆ ಒಂದು ದಿನವೂ ತಡವಾಗಬಾರದು.'

ಅವಳ ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು!

ಆ ಕಾಗದ ಹಿಡಿದು ಮುಖ್ಯಸ್ಥರ ಮೇಜಿನ ಮುಂದೆ ನಿಂತಳು. "ಮೂರು ವಾರ ಇದರ ಮೇಲೆ ಕೂತಿದ್ರಾ ಸರ್?"

"ಅದು... ಎಲ್ಲೋ ಫೈಲಿನಡಿ ಸೇರ್ಕೊಂಡು..."

"ಸೇರ್ಕೊಳ್ಳಲಿಲ್ಲ, ನೀವು ಸೇರಿಸಿದ್ರಿ. ಹನ್ನೊಂದು ವರ್ಷ ಸುಮ್ಮನಿದ್ದೆ. ಇನ್ನು ಸುಮ್ಮನಿರಲ್ಲ! ದೂರು ಬರೆದು ಕೊಟ್ಟೇ ಕೊಡ್ತೀನಿ."

ಕೊಟ್ಟಳು ಕೂಡ. ದೂರು ಓದಿದ ಕುಲಸಚಿವೆ ಮುಖ್ಯಸ್ಥರನ್ನು ಕರೆಸಿ, 'ಈ ಕಾಗದ ನನಗ್ಯಾಕೆ ಕಳಿಸಲಿಲ್ಲ?' ಎಂದು ಒಂದೇ ಒಂದು ಪ್ರಶ್ನೆ ಕೇಳಿ, ಊಟದ ಹೊತ್ತಿಗೆ ಬದಲಿ ಸದಸ್ಯರನ್ನು ನೇಮಿಸಿದರು. ಆ ಹೊಸ ಸದಸ್ಯರು ಕಡತ ಓದಿ ಸಂಜೆಗೆ ಸಹಿ ಹಾಕಿದರು. ಸಂದರ್ಶನ ಸೋಮವಾರ!

ಈಗ ಉಳಿದದ್ದು ಒಬ್ಬನೇ.

ಅವಳು ಬಂದಾಗ ಅವನು ಖಾಲಿ ತರಗತಿಯಲ್ಲಿ ಹಲಗೆ ಒರೆಸುತ್ತಿದ್ದ.

"ಮುಖ್ಯಸ್ಥರಿಗೆ ಹೇಳಿದ್ರಿ! ಕುಲಸಚಿವರಿಗೆ ಹೇಳಿದ್ರಿ! ಗುಮಾಸ್ತೆಗೂ ಗೊತ್ತು! ಇಡೀ ವಿಶ್ವವಿದ್ಯಾಲಯದಲ್ಲಿ ಗೊತ್ತಿಲ್ದೆ ಇದ್ದವಳು ನಾನೊಬ್ಬಳೇ ಏನ್ರೀ?"

ಒರೆಸುವ ಬಟ್ಟೆ ಅವನ ಕೈಯಲ್ಲೇ ಉಳಿಯಿತು. "ನಿಮ್ಮ ಫೈಲ್ ನನ್ನ ಕೈಲಿರುವಾಗ ಹೇಗೆ ಕೇಳ್ಲಿ? ನೀವು ಒಪ್ಪಿದ್ರೆ ಬಡ್ತಿಗೋಸ್ಕರಾನಾ ಅನ್ನೋ ಅನುಮಾನ, ಒಪ್ಪದಿದ್ರೆ ನಿಮಗೆ ಭಯ. ಬದಲಿ ಸದಸ್ಯರು ಬಂದು ಎಲ್ಲಾ ಮುಗಿದ ಮೇಲೆ ಹೇಳೋಣ ಅಂತಿದ್ದೆ..."

"ನಿನ್ನೆ ಅಷ್ಟು ಬೈದಾಗಲಾದ್ರೂ?"

"ನಿನ್ನೆ ಹೇಳಿದ್ರೆ ಬೈಗುಳದಿಂದ ತಪ್ಪಿಸ್ಕೊಳ್ಳೋಕೆ ಹೇಳಿದ ಹಾಗಾಗ್ತಿತ್ತು."

'ಇಂಥವನಿಗೆ ಚೂರಿ ಹಾಕಿದ್ರಿ ಅಂದೆನಲ್ಲ...' ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಈಗ ಫೈಲ್ ನಿಮ್ಮ ಕೈಲಿಲ್ಲ," ಎಂದಳು ಮೆಲ್ಲಗೆ. "ಈಗ ಹೇಳಿ. ಬಾಯಿ ಬಿಟ್ಟು."

"ನೀವಂದ್ರೆ ನನಗೆ ಪ್ರಾಣ."

"...ನನಗೂ. ಆದ್ರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಇಳಿಯೋಕೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ. ಪಕ್ಕದಲ್ಲೇ ಕೂತು ಕಾಯಿರಿ."

ಅವನು ಮೊದಲ ಬೆಂಚಿಗೆ ಬಂದು, ಅವಳಿಗೆ ಜಾಗ ಬಿಟ್ಟು ಕೂತ. "ಕಾಯ್ತೀನಿ."