ಒಂದನೇ ಇಯತ್ತೆಯ ರಾಜ

ಬಹಳ ಹಿಂದೆ, ಮಾಟಮಂತ್ರ ಹಗಲಲ್ಲೇ ಓಡಾಡುತ್ತಿದ್ದ ಕಾಲದಲ್ಲಿ, ನೇರಿಲೆ ಎಂಬ ರಾಜ್ಯವಿತ್ತು. ಅದರ ರಾಜನ ಹೆಸರು ಮಲ್ಲಭೂಪ. ಅವನಿಗೆ ಹನ್ನೊಂದು ವರ್ಷವಾದಾಗ ಅಪ್ಪ ಯುದ್ಧದಲ್ಲಿ ಸತ್ತ, ಅಪ್ಪನ ಕತ್ತಿ ಅವನ ಕೈಗೆ ಬಂತು. ಅಂದಿನಿಂದ ಒಂದು ಯುದ್ಧ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಅಕ್ಷರ ಕಲಿಯಲು ಅವನಿಗೆ ಪುರುಸೊತ್ತೇ ಆಗಲಿಲ್ಲ. ಓಲೆ ಬಂದರೆ ಮಂತ್ರಿ ಓದುತ್ತಿದ್ದ, ರಾಜ ಉಂಗುರದ ಮುದ್ರೆ ಒತ್ತುತ್ತಿದ್ದ.

ನಲವತ್ತಾರನೇ ವಯಸ್ಸಿನಲ್ಲಿ ಕೊನೆಯ ಯುದ್ಧ ಮುಗಿಸಿ ಮಲ್ಲಭೂಪ ಮನೆಗೆ ಬಂದ. ಕುದುರೆಯಿಂದ ಇಳಿದವನು ಅರಮನೆಯ ಮೆಟ್ಟಿಲ ಮೇಲೇ ಕೂತುಬಿಟ್ಟ. ಅಷ್ಟು ದಣಿದಿದ್ದ. ಆಗಲೇ ಕರಾಳಜಿಹ್ವನೆಂಬ ಮಂತ್ರವಾದಿ ಒಂದು ಡೋಲು ತಗುಲಿಹಾಕಿಕೊಂಡು ಬಂದು ಓಲೆಯೊಂದನ್ನು ಮುಂದೆ ಹಿಡಿದ.

"ಮಹಾಪ್ರಭು, ಇದು ಶಾಂತಿಯ ಓಲೆ. ಒತ್ತಿದರೆ ಇನ್ನು ಯುದ್ಧವಿಲ್ಲ."

ರಾಣಿ ನಾಗಲದೇವಿ ಹಿಂದೆಯೇ ನಿಂತಿದ್ದಳು. "ಮಂತ್ರಿಗಳು ಬರಲಿ, ಓದಿಸಿ ಒತ್ತಿ" ಅಂದಳು.

"ನನಗೆ ಸಾಕಾಗಿದೆ ನಾಗಲೆ" ಅಂದ ರಾಜ. ಒತ್ತಿದ.

ಕರಾಳಜಿಹ್ವ ಡೋಲು ಬಾರಿಸಿದ. ಮೊದಲನೇ ಪೆಟ್ಟಿಗೆ ಊರು ಮೌನವಾಯಿತು. ಎರಡನೇ ಪೆಟ್ಟಿಗೆ ಊರಿನ ಜನರೆಲ್ಲ ಜಿಂಕೆಗಳಾದರು. ಮೂರನೇ ಪೆಟ್ಟಿಗೆ ಆ ಜಿಂಕೆಗಳೆಲ್ಲ ಡೋಲಿನ ಹಿಂದೆ ಹೊರಟವು. ರಾಣಿ ನಿಂತಿದ್ದ ಜಾಗದಲ್ಲೂ ಒಂದು ಜಿಂಕೆ. ಅದು ಒಮ್ಮೆ ತಿರುಗಿ ನೋಡಿ ಹೋಯಿತು. ಎದ್ದ ಧೂಳು ಇಳಿಯುವಾಗ ಊರಲ್ಲಿ ರಾಜನೊಬ್ಬನೇ ಇದ್ದ. ಅವನ ಕೈಯಲ್ಲಿ ಓಲೆ ಇತ್ತು.

ಓಲೆಯಲ್ಲಿ ಏನಿದೆಯೆಂದು ತಿಳಿಯದೆ ಮುಂದೆ ದಾರಿಯಿಲ್ಲ. ಆರು ದಿನ ನಡೆದು ಅವನು ಕೆಂದೂಳಿ ಎಂಬ ಹಳ್ಳಿ ಸೇರಿದ. ಅಲ್ಲೊಂದು ಶಾಲೆ, ಶಾಲೆಗೊಬ್ಬರು ಸಿದ್ದಮ್ಮ ಅಕ್ಕೋರು. ಅವರ ಮುಂದೆ ಓಲೆ ಬಿಚ್ಚಿದ. ಅಕ್ಕೋರು ಬಗ್ಗಿ ನೋಡಿದ್ದೇ ತಡ, ಅಕ್ಷರಗಳೆಲ್ಲ ಇರುವೆಗಳ ಹಾಗೆ ಹರಿದು ಅಂಚಿಗೆ ಹೋಗಿ ಅಡಗಿದವು. ರಾಜ ನೋಡಿದಾಗ ಮತ್ತೆ ಬಂದು ಸಾಲಾಗಿ ನಿಂತವು.

"ಇದನ್ನ ನೀವೇ ಓದಬೇಕು" ಅಂದರು ಅಕ್ಕೋರು. "ಬೇರೆ ಯಾರಿಗೂ ಇದು ಬಗ್ಗೋದಿಲ್ಲ."

"ನನಗೆ ಓದೋಕೆ ಬರೋದಿಲ್ಲ ಅಕ್ಕೋರೇ. ನಾನು ನೇರಿಲೆಯ ರಾಜ."

"ರಾಜರಾದ್ರೂ ಸರಿ. ಒಂದನೇ ಇಯತ್ತೆಗೆ ಇರೋದು ಒಂದೇ ಚಾಪೆ. ಕೂತ್ಕೊಳ್ಳಿ."

ಆರು ವರ್ಷದ ಮಕ್ಕಳ ನಡುವೆ ರಾಜ ಕೂತ. ಮೊಣಕಾಲು ಮಡಿಸಲು ಬಾರದೆ ಕಾಲು ಚಾಚಿದರೆ ಮುಂದಿನ ಸಾಲಿನವರ ಬೆನ್ನಿಗೆ ತಾಗುತ್ತಿತ್ತು. ಮಕ್ಕಳು ಅವನನ್ನು ದೊಡ್ಡಪ್ಪ ಎಂದು ಕರೆದರು. ಪಕ್ಕದಲ್ಲಿ ಕೂರುತ್ತಿದ್ದ ಮುದ್ದವ್ವ ಎಂಬ ಹುಡುಗಿ ದಿನಕ್ಕೆ ನಾಲ್ಕು ಸಲ ಅವನ ಪಾಟಿ ಇಣುಕಿ ನೋಡಿ, "ದೊಡ್ಡಪ್ಪ, ತಪ್ಪು" ಅನ್ನುತ್ತಿದ್ದಳು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ರಾಜ ಶಾಲೆಯ ಜಗಲಿ ಗುಡಿಸುತ್ತಿದ್ದ, ಬಾವಿಯಿಂದ ನೀರು ಸೇದಿ ತುಂಬುತ್ತಿದ್ದ. ಅದು ಅವನು ಕಲಿಕೆಗೆ ಕೊಡುತ್ತಿದ್ದ ದಕ್ಷಿಣೆ. ಹೊತ್ತು ಇಳಿಯುವ ಆ ಗಳಿಗೆಯಲ್ಲಿ ಜಗಲಿಯ ಕಂಬಕ್ಕೆ ಒರಗಿ, ಅಂದು ಏನು ಕಲಿತೆ ಎಂದು ತನ್ನಷ್ಟಕ್ಕೇ ನೆನೆಯುತ್ತಿದ್ದ.

ಕನ್ನಡದ ಪಾಠ ಕೈ ನೋಯಿಸುತ್ತಿತ್ತು. ಮೂವತ್ತೈದು ವರ್ಷ ಕತ್ತಿ ಹಿಡಿದ ಬೆರಳುಗಳಿಗೆ ಬಳಪ ಹಗುರವಾಗಿರಬೇಕಿತ್ತು. ಆದರೆ ಅದನ್ನೂ ಅವನು ಕತ್ತಿಯ ಹಿಡಿಯ ಹಾಗೇ ಹಿಡಿಯುತ್ತಿದ್ದ, ಅದು ಪಟ್ಟೆಂದು ಮುರಿಯುತ್ತಿತ್ತು. ಒಂದು ವಾರಕ್ಕೆ ಒಂಬತ್ತು ಬಳಪ ಮುರಿದ. ಲ ಮತ್ತು ಳ ಅವನನ್ನು ಬಹಳ ಕಾಡಿದವು. ಹಾಲು ಎಂದು ಬರೆಯಲು ಹೋಗಿ ಹಾಳು ಎಂದು ಬರೆದ. ಬಳೆ ಎಂದು ಬರೆಯಲು ಹೋಗಿ ಬಲೆ ಎಂದು ಬರೆದ. "ನಿಮ್ಮನೇಲಿ ಹಾಳು ಕುಡೀತೀರಾ?" ಎಂದು ಮುದ್ದವ್ವ ಚಾಪೆಯ ಮೇಲೆ ಹೊರಳಾಡಿ ನಕ್ಕಳು. ರಾಜನಿಗೆ ನಗು ಬರಲಿಲ್ಲ. ಇಷ್ಟು ಸಣ್ಣದೊಂದು ಗೆರೆಯನ್ನು ಸರಿಯಾಗಿ ನೋಡುವಷ್ಟು ಹೊತ್ತು ತಾನು ಯಾವುದರ ಮುಂದೆಯೂ ನಿಂತವನಲ್ಲ ಅನ್ನಿಸಿತು.

ಲೆಕ್ಕದ ಪಾಠದಲ್ಲಿ ನಿದ್ದೆ ಬರುತ್ತಿತ್ತು. ಕೂಡುವುದು ಹೇಗೋ ಬಂತು. ಎರಡನೇ ಇಯತ್ತೆಯಲ್ಲಿ ದಶಕ ತೆಗೆದು ಕಳೆಯುವ ಲೆಕ್ಕ ಶುರುವಾಯಿತು. ಒಂದು ದಿನ ಅಕ್ಕೋರು ಹಲಗೆಯ ಮೇಲೆ ಒಂಬೈನೂರರಲ್ಲಿ ಮುನ್ನೂರ ನಲವತ್ತು ಹೋದರೆ ಎಷ್ಟು ಎಂದು ಬರೆದರು. ರಾಜ ಬರೆಯಲು ಹೋಗಿ ನಿಲ್ಲಿಸಿದ. ಕಡೆಯ ಯುದ್ಧಕ್ಕೆ ಒಂಬೈನೂರು ಜನರನ್ನು ಕರೆದುಕೊಂಡು ಹೋಗಿದ್ದ. ಹಿಂದಕ್ಕೆ ಬಂದವರು ಎಷ್ಟು ಎಂದು ಕೇಳಿರಲಿಲ್ಲ. ಗೆದ್ದೆವು ಎಂದು ಯಾರೋ ಕೂಗಿದ್ದರು, ಅಷ್ಟು ಸಾಕಾಗಿತ್ತು. ಅಂದು ಅವನ ಪಾಟಿ ಖಾಲಿಯಾಗಿಯೇ ಉಳಿಯಿತು. ಮುದ್ದವ್ವ ಪಾಟಿ ನೋಡಿದಳು, ಅವನ ಮುಖ ನೋಡಿದಳು, ತನ್ನ ಪಾಟಿಯ ಕಡೆ ತಿರುಗಿಕೊಂಡಳು.

ಮೂರನೇ ಇಯತ್ತೆಗೆ ದೇಶದ ಪಾಠವಿತ್ತು. ನೆಲದ ಮೇಲೆ ಸುಣ್ಣದ ನೀರಿನಿಂದ ನಕ್ಷೆ ಬರೆಯಬೇಕು. ಅದರಲ್ಲಿ ಮಾತ್ರ ರಾಜ ಎಲ್ಲರಿಗಿಂತ ಮುಂದು. ಗುಡ್ಡ, ಕಣಿವೆ, ಹೊಳೆ ಎಲ್ಲವನ್ನೂ ಸರಸರ ಎಳೆದ.

"ಈ ಕಣಿವೇಲಿ ಏನು ಬೆಳೀತಾರೆ?" ಎಂದು ಕೇಳಿದರು ಅಕ್ಕೋರು.

"ಗೊತ್ತಿಲ್ಲ."

"ಈ ಹೊಳೇಲಿ ಬೇಸಿಗೆಗೆ ನೀರಿರುತ್ತಾ?"

"ಕುದುರೆ ದಾಟುವಷ್ಟು ಇರುತ್ತೆ."

"ಕುಡಿಯೋಕೆ?"

"ಗೊತ್ತಿಲ್ಲ ಅಕ್ಕೋರೇ."

ಮೊದಮೊದಲು ಆ ಮಾತು ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು. ಸಿಂಹಾಸನದ ಮೇಲೆ ಕೂತವನು ಗೊತ್ತಿಲ್ಲ ಅಂದರೆ ಸಭೆ ನಗುತ್ತದೆ. ಇಲ್ಲಿ ಯಾರೂ ನಗಲಿಲ್ಲ. ಗೊತ್ತಿಲ್ಲ ಅಂದವರಿಗೆ ಅಕ್ಕೋರು ಹೇಳಿಕೊಡುತ್ತಿದ್ದರು. ಗೊತ್ತಿರುವ ಹಾಗೆ ನಟಿಸಿದವರನ್ನು ಮಾತ್ರ ನಿಲ್ಲಿಸುತ್ತಿದ್ದರು.

ವಾರಕ್ಕೊಮ್ಮೆ ನೋಡುವ ಪಾಠ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಅವರೆಕಾಳು ಮೊಳಕೆ ಒಡೆಯುವುದನ್ನು ನೋಡಬೇಕು, ಆಡಿನ ಗೊರಸು ನೋಡಬೇಕು, ನೋಡಿದ್ದನ್ನು ಹೇಳಬೇಕು. ಮಕ್ಕಳಿಗೆ ಅದು ಆಟ. ರಾಜನಿಗೆ ಅದರಲ್ಲೂ ದಣಿವೇ. ಹಾಡಿನ ಪಾಠದಲ್ಲಿ ಅವನು ಬಾಯಿ ಬಿಟ್ಟರೆ ಹೊರಗೆ ಕಟ್ಟಿದ ಎಮ್ಮೆ ಹಗ್ಗ ಜಗ್ಗುತ್ತಿತ್ತು, ಹಾಗಾಗಿ ಅಕ್ಕೋರು ಅದನ್ನೊಂದು ಬಿಟ್ಟುಕೊಟ್ಟರು.

ಹೀಗೆ ಮೂರು ವರ್ಷವಾಯಿತು. ರಾಜನ ಗಡ್ಡ ಬೆಳ್ಳಗಾಯಿತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಲೆ ತೆಗೆದು ನೋಡಿದ. ಅಕ್ಷರಗಳು ಅಲುಗಾಡಲಿಲ್ಲ. ಬೆರಳಿಟ್ಟು ಒಂದೊಂದಾಗಿ ಓದಿದ:

"ಉಂಗುರ ಒತ್ತಿದವನ ಊರೆಲ್ಲ ನನ್ನ ಹಿಂಡು. ಕರಿಹೊಳೆ ಬಿಳಿಹೊಳೆ ಕೂಡುವಲ್ಲಿ ನನ್ನ ಕೋಟೆ. ಬಾಗಿಲ ಮೃಗಕ್ಕೆ ಕಾಳು ಕೊಟ್ಟು ಅವನು ಒಳಗೆ ಬರಲಿ. ಹಿಂಡಿನ ಲೆಕ್ಕ ಹೇಳಲಿ. ಕೊನೆಗೆ ನಾನು ಕೇಳುವ ಪ್ರಶ್ನೆಗೆ ಸುಳ್ಳಿಲ್ಲದ ಉತ್ತರ ಕೊಡಲಿ. ಮೂರೂ ಆದರೆ ಹಿಂಡು ಬಿಟ್ಟೆ, ನಾನು ಇಲ್ಲವಾದೆ. ಒಂದು ತಪ್ಪಿದರೂ ಅವನೂ ಹಿಂಡಿಗೆ ಸೇರಿದ."

ಅಂದು ತನಗೇ ಓದಲು ಬಂದಿದ್ದರೆ ಎರಡು ನಿಮಿಷದ ಕೆಲಸ. ರಾಜ ಓಲೆಯಲ್ಲಿದ್ದುದನ್ನು ಅಕ್ಕೋರಿಗೆ ಓದಿ ಹೇಳಿದ. ಆಮೇಲೆ ಎದ್ದು ಅಕ್ಕೋರ ಕಾಲಿಗೆ ನಮಸ್ಕರಿಸಿದ. ಅಕ್ಕೋರು ಬುತ್ತಿಯ ಜೊತೆಗೆ ಒಂದು ಹಿಡಿ ಅವರೆಕಾಳು ಕಟ್ಟಿಕೊಟ್ಟರು.

"ನಾಲ್ಕನೇ ಇಯತ್ತೆ ಉಳೀತಲ್ಲ ದೊಡ್ಡಪ್ಪ" ಎಂದಳು ಮುದ್ದವ್ವ. ಅವಳ ಕಣ್ಣು ತುಂಬಿತ್ತು.

ಎರಡು ಹೊಳೆ ಕೂಡುವ ಜಾಗ ನಕ್ಷೆಯಲ್ಲಿತ್ತು. ಹದಿನಾಲ್ಕು ದಿನ ನಡೆದು ರಾಜ ಕೋಟೆ ಮುಟ್ಟಿದ. ಬಾಗಿಲಲ್ಲಿ ಒಂದು ಮೃಗ ಮಲಗಿತ್ತು. ಅದಕ್ಕೆ ಕರಡಿಯ ಮೈ, ಮೊಸಳೆಯ ಬಾಯಿ. ರಾಜನನ್ನು ಕಂಡು ಅದು ಎದ್ದು ಕೂತಿತು.

"ನನಗೆ ಏನು ಕೊಡಬೇಕೆಂದು ಬರೆದಿದೆ, ಓದು" ಎಂದಿತು.

"ಕಾಳು."

"ಸರಿಯಾಗಿ ನೋಡು. ಕಾಲು ಅಂತ ಇದೆ. ಎಷ್ಟೋ ವರ್ಷದಿಂದ ಇಲ್ಲಿದ್ದೇನೆ, ನನಗೆ ಗೊತ್ತಿಲ್ಲವೇ? ಬಲಗಾಲಾದರೂ ಆದೀತು, ಎಡಗಾಲಾದರೂ ಆದೀತು."

ರಾಜ ಓಲೆ ಬಿಚ್ಚಿದ. ಹಾಲು ಹಾಳು, ಬಳೆ ಬಲೆ ಎಲ್ಲ ಕಣ್ಣ ಮುಂದೆ ಸುತ್ತಿದವು. ಮೃಗ ಬಾಯಿ ತೆರೆದು ಕಾದಿತ್ತು. ರಾಜ ಅವಸರ ಮಾಡಲಿಲ್ಲ. ಆ ಒಂದು ಅಕ್ಷರದ ಮುಂದೆ ಬೆರಳಿಟ್ಟು, ಅದರ ತಿರುವು ಮುಗಿಯುವವರೆಗೂ ನೋಡಿದ.

"ಕಾಳು" ಎಂದ. "ಲ ಅಲ್ಲ, ಳ." ಗಂಟು ಬಿಚ್ಚಿ ಅವರೆಕಾಳನ್ನು ಅದರ ಬಾಯಿಗೆ ಸುರಿದ. ಮೃಗ ಕಟಕಟ ಅಗಿದು, ಬೇಸರದಿಂದ ಪಕ್ಕಕ್ಕೆ ಸರಿಯಿತು.

ಒಳಗೆ ಕರಾಳಜಿಹ್ವ ಡೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. "ಅಂದು ನಿನ್ನ ಊರಿಂದ ನಾನು ಎಷ್ಟು ಜನರನ್ನು ತಂದೆ? ಹೇಳು" ಎಂದ.

ತನ್ನ ಊರಲ್ಲಿ ಎಷ್ಟು ಜನರಿದ್ದರೆಂದು ರಾಜನಿಗೆ ಗೊತ್ತಿರಲಿಲ್ಲ. ಜಿಂಕೆಗಳು ನೀರಿಗೆ ಇಳಿಯುವ ಇಕ್ಕಟ್ಟಾದ ದಾರಿಯ ಪಕ್ಕ ಕೂತ. ಹತ್ತು ಜಿಂಕೆ ದಾಟಿದರೆ ಒಂದು ಕಲ್ಲು ಇಟ್ಟ. ಇಡೀ ದಿನ ಎಣಿಸಿದ ಮೇಲೆ ನೂರ ಹನ್ನೊಂದು ಕಲ್ಲು, ಮೇಲೆ ಎರಡು ಜಿಂಕೆ. ಸಾವಿರದ ನೂರ ಹನ್ನೆರಡು. ಹೇಳಲು ಬಾಯಿ ತೆರೆದವನು ತಡೆದ. ಎಣಿಸುವಾಗ ಏನೋ ಕಂಡಿತ್ತು. ನೇರಿಲೆಯಲ್ಲಿ ಕೂಸು ಹುಟ್ಟಿದ ಹನ್ನೊಂದನೇ ದಿನಕ್ಕೇ ಕಿವಿ ಚುಚ್ಚುತ್ತಿದ್ದರು. ಜಿಂಕೆಗಳ ಕಿವಿಯಲ್ಲೂ ಆ ತೂತು ಹಾಗೇ ಇತ್ತು. ಆದರೆ ಕೆಲವು ಮರಿಗಳಿಗೆ ಇರಲಿಲ್ಲ. ಅವು ಇಲ್ಲೇ ಹುಟ್ಟಿದವು. ಮಾರನೇ ದಿನ ಅವನ್ನಷ್ಟೇ ಎಣಿಸಿದ. ತೊಂಬತ್ತೈದು.

ಕೋಟೆಯ ಹಿಂದೆ ಸತ್ತ ಜಿಂಕೆಗಳ ಬಿಳಿಯ ತಲೆಬುರುಡೆಗಳಿದ್ದವು, ಎಲ್ಲವೂ ದೊಡ್ಡ ಜಿಂಕೆಗಳವೇ. ಅವನ್ನೂ ಎಣಿಸಿದ. ಮೂವತ್ತೆಂಟು. ಒಂದೊಂದನ್ನು ಎಣಿಸುವಾಗಲೂ ಇದು ನಾಗಲೆಯದ್ದಿರಬಹುದೇ ಎಂದು ತಿರುಗಿಸಿ ನೋಡಿದ.

ಮರಳಿನ ಮೇಲೆ ಬೆರಳಿನಿಂದ ಬರೆದು, ಮರಿಗಳನ್ನು ದಶಕ ತೆಗೆದು ಕಳೆದ, ಆಮೇಲೆ ಸತ್ತವರನ್ನು ಕೂಡಿದ. ಮೊದಲ ಸಲ ತಪ್ಪಿತು. ಅಳಿಸಿ ಮತ್ತೆ ಮಾಡಿದ.

"ಸಾವಿರದ ಐವತ್ತೈದು ಜನ" ಎಂದ.

ಕರಾಳಜಿಹ್ವನ ಮುಖ ಕಪ್ಪಿಟ್ಟಿತು. ಡೋಲಿನ ಒಂದು ಚರ್ಮ ತಾನಾಗಿ ಹರಿಯಿತು. ಅವನು ಎದ್ದು ಬಂದು ರಾಜನ ಮುಖಕ್ಕೆ ಮುಖ ತಂದು ಮೆಲ್ಲಗೆ ಕೇಳಿದ:

"ಮೂವತ್ತೆಂಟು ಬುರುಡೆ ನೋಡಿದೆಯಲ್ಲ. ಈಗ ಹೇಳು. ನಿನ್ನ ಹೆಂಡತಿ ಬದುಕಿದ್ದಾಳೋ, ಸತ್ತಿದ್ದಾಳೋ?"

ರಾಜ ಜಿಂಕೆಗಳ ಕಡೆ ನೋಡಿದ. ಅಷ್ಟೂ ಕಣ್ಣುಗಳು ಅವನನ್ನು ನೋಡುತ್ತಿದ್ದವು, ಎಲ್ಲ ಒಂದೇ ಥರ ಕಂಡವು. ಬದುಕಿದ್ದಾಳೆ ಎಂದು ಹೇಳಲು ನಾಲಿಗೆ ಹಾತೊರೆಯಿತು. ಹಾಗೆ ಹೇಳಿದರೆ ಅದು ನಿಜವಾಗಿಬಿಡಬಹುದು ಅನ್ನಿಸಿತು. ಸತ್ತಿದ್ದಾಳೆ ಎನ್ನಲು ಬಾಯಿ ಬರಲಿಲ್ಲ.

"ಹೇಳು! ರಾಜನಾಗಿ ಇಷ್ಟೂ ಗೊತ್ತಿಲ್ಲವೇ?"

"ಗೊತ್ತಿಲ್ಲ" ಎಂದ ಮಲ್ಲಭೂಪ. ಅವನ ದನಿ ಒಡೆದಿತ್ತು. "ನನಗೆ ಗೊತ್ತಿಲ್ಲ."

ಅದರಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ. ಡೋಲು ಎರಡು ಹೋಳಾಯಿತು. ಕರಾಳಜಿಹ್ವ ಕೂಗಲೆಂದು ಬಾಯಿ ತೆರೆದ, ಕೂಗು ಬರಲಿಲ್ಲ, ಹೊಗೆ ಬಂತು. ಹೊಗೆ ಮುಗಿದಾಗ ಅವನೂ ಮುಗಿದಿದ್ದ. ಬಾಗಿಲ ಮೃಗ ಹೊಳೆಗೆ ಇಳಿದು ಹೋಯಿತು.

ಜಿಂಕೆಗಳು ಒಂದೊಂದಾಗಿ ಮನುಷ್ಯರಾದವು. ಜನ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು, ಹೆಸರು ಹಿಡಿದು ಕೂಗಿಕೊಂಡರು, ಅತ್ತರು. ರಾಜ ಆ ಗುಂಪಿನ ನಡುವೆ ಒಬ್ಬೊಬ್ಬರ ಮುಖ ನೋಡುತ್ತ ನಡೆದ. ಮಂತ್ರಿ ಇರಲಿಲ್ಲ. ಅವನನ್ನು ಎತ್ತಿ ಆಡಿಸಿದ್ದ ಸೋದರತ್ತೆ ಇರಲಿಲ್ಲ. ಗುಂಪಿನ ಕಟ್ಟಕಡೆಗೆ, ಕುಂಟುತ್ತ ಒಬ್ಬಳು ಬರುತ್ತಿದ್ದಳು.

"ಬಂದಿರಾ?" ಎಂದಳು ನಾಗಲದೇವಿ.

"ಬಂದೆ. ತಡವಾಯಿತು."

"ಮೂರು ವರ್ಷ ಏನು ಮಾಡುತ್ತಿದ್ದಿರಿ?"

"ಶಾಲೆಗೆ ಹೋಗುತ್ತಿದ್ದೆ."

ಅವಳು ಅವನ ಬಿಳಿ ಗಡ್ಡ ನೋಡಿದಳು. ನಗಲು ಶುರುಮಾಡಿದವಳು ನಗುತ್ತಲೇ ಅತ್ತಳು. ರಾಜ ಅವಳ ಹೆಗಲ ಮೇಲೆ ತಲೆಯಿಟ್ಟು ನಿಂತ. ಯಾರೂ ಅವರನ್ನು ಅವಸರಪಡಿಸಲಿಲ್ಲ.

ಊರು ಸೇರಲು ಇಪ್ಪತ್ತು ದಿನ ಹಿಡಿಯಿತು. ಅಂಗಳದಲ್ಲೆಲ್ಲ ಆಳೆತ್ತರದ ಹುಲ್ಲು. ಜನ ಹುಲ್ಲು ಕಿತ್ತು, ಬಾವಿ ತೋಡಿ, ಒಲೆ ಹೂಡಿದರು. ಒಂದು ಚಿಂತೆ ಮಾತ್ರ ಉಳಿಯಿತು. ಕೋಟೆಯಲ್ಲಿ ಜಿಂಕೆಯಾಗಿ ಹುಟ್ಟಿದ ಆ ತೊಂಬತ್ತೈದು ಮಕ್ಕಳಿಗೆ ಮಾತೇ ಬರುತ್ತಿರಲಿಲ್ಲ. ಕರೆದರೆ ಬೆಚ್ಚಿ ನಿಲ್ಲುತ್ತಿದ್ದವು, ತಾಯಂದಿರ ಸೆರಗಿನ ಹಿಂದೆ ಅಡಗುತ್ತಿದ್ದವು.

ಸಿಂಹಾಸನದ ಮುಂದೆ ಚಾಪೆ ಹಾಸಿಸಿ ರಾಜ ಅವರ ನಡುವೆ ಕೂತ.

"ಎರಡು ದಿನ ಮಲಗಿ ಏಳಬಾರದೇ?" ಎಂದಳು ರಾಣಿ. "ನಿಮ್ಮ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿದೆ."

"ಇವರದ್ದೊಂದು ಆಗಲಿ" ಎಂದ.

ದಿನಾ ಅವನು ಒಂದು ಚೊಂಬು ನೀರು ಮುಂದಿಟ್ಟು "ನೀರು" ಅನ್ನುತ್ತಿದ್ದ. ಮಕ್ಕಳು ನೋಡುತ್ತಿದ್ದರು. ಒಂದು ತಿಂಗಳು ಹೋಯಿತು, ಎರಡು ತಿಂಗಳು ಹೋಯಿತು. ಅವನ ಗಂಟಲು ಕಟ್ಟಿತು. ಒಂದು ಬಿಸಿಲು ಮಧ್ಯಾಹ್ನ, ಹೇಳಿ ಹೇಳಿ ಸಾಕಾಗಿ ಅವನು ಕೂತಲ್ಲೇ ತೂಕಡಿಸುತ್ತಿದ್ದಾಗ, ಕಂಬಾರರ ಮನೆಯ ಎರಡು ವರ್ಷದ ಕೂಸೊಂದು ಅವನ ಮೊಣಕಾಲು ಹಿಡಿದು ಅಲುಗಿಸಿ, "ನೀಉ" ಎಂದಿತು.

ಆ ಮಾತು ಬಾಗಿಲಿಂದ ಬೀದಿಗೆ, ಬೀದಿಯಿಂದ ಊರಿಗೆಲ್ಲ ಹರಡಿತು. ಮನೆಮನೆಯಿಂದ ಹೆಂಗಸರು ಗಂಡಸರು ಕೊಡ, ಚೊಂಬು, ಮಡಕೆ, ಕೈಗೆ ಸಿಕ್ಕಿದ್ದರಲ್ಲಿ ನೀರು ತುಂಬಿಕೊಂಡು ಅರಮನೆಗೆ ಓಡಿಬಂದರು. ಕೂಸು ಗಟಗಟ ಕುಡಿಯಿತು, ಎಲ್ಲರೂ ನಿಂತು ನೋಡಿದರು. ಆಮೇಲೆ ನೇರಿಲೆಯಲ್ಲಿ ಯುದ್ಧವೆಂಬುದು ಆಗಲಿಲ್ಲ. ಬೆಳೆ ಬಂತು, ಮಕ್ಕಳು ಮಾತು ಕಲಿತರು, ಜನ ಉಂಡುಟ್ಟು ನೆಮ್ಮದಿಯಾಗಿ ಬಾಳಿದರು. ಅಂದು ಮಾತ್ರ ರಾಜ, ಚೆಲ್ಲಿದ ನೀರಿನಲ್ಲಿ ಒದ್ದೆಯಾದ ಆ ಚಾಪೆಯ ಮೇಲೇ, ಮಕ್ಕಳ ನಡುವೆ, ಗಾಢವಾಗಿ ನಿದ್ದೆಹೋದ.