ಮೇಸ್ತ್ರಿಯ ಉಕ್ಕಿನಲ್ಲಿ ಕೊಳೆ

"ನನ್ನ ಉಕ್ಕಲ್ಲಿ ಕೊಳೆ ಅಂತ ಬರೆದಿದ್ದು ನೀವೇನಾ?"

ಪ್ರಯೋಗಾಲಯದ ಬಾಗಿಲಲ್ಲಿ ಕುಲುಮೆಯ ಮೇಸ್ತ್ರಿ ನಿಂತಿದ್ದ. ಹೆಲ್ಮೆಟ್ ಕಂಕುಳಲ್ಲಿ, ಉಕ್ಕು ಪರೀಕ್ಷಿಸುವ ಅವಳು ಬರೆದ ವರದಿ ಕೈಯಲ್ಲಿ. ಹದಿಮೂರು ವರ್ಷ ಉಕ್ಕು ಕರಗಿಸಿದವನನ್ನು ಆ ಒಂದು ಪದ ನೋಡಿ ಮೇಲಿನವರು ಗೋದಾಮಿನ ಕೆಲಸಕ್ಕೆ ಹಾಕಲು ಹೊರಟಿದ್ದರು.

ಪ್ರಯೋಗಾಲಯದಲ್ಲಿ ಕೊಳೆ ಎಂದರೆ ಉಕ್ಕಿನೊಳಗೆ ಉಳಿದ ಸೂಕ್ಷ್ಮ ಕಣ, ಅಷ್ಟೇ. ಕುಲುಮೆಯವರಿಗೆ ಅದು ಬೈಗುಳವೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಕೂತ್ಕೊಳ್ಳಿ. ಬೈಯೋದಿದ್ರೆ ಇದನ್ನ ನೋಡಿ ಬೈಯಿರಿ."

ಅವನದೇ ಉಕ್ಕಿನ ಬೇಳೆಯಷ್ಟು ಚೂರನ್ನು ಸೂಕ್ಷ್ಮದರ್ಶಕದ ಪುಟ್ಟ ಕುಲುಮೆಯಲ್ಲಿಟ್ಟಳು. ಸಾವಿರದ ಆರುನೂರು ಡಿಗ್ರಿ. ಪರದೆಯ ಮೇಲೆ ಉಕ್ಕು ಕರಗಿತು. ಚುಕ್ಕೆಗಳು ತೇಲಿ ಬಂದು, ಒಂದನ್ನೊಂದು ಎಳೆದುಕೊಂಡು ಗಂಟುಕಟ್ಟಿದವು.

ಅವನ ಸಿಟ್ಟು ಎಲ್ಲಿ ಹೋಯಿತೋ... ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಇಷ್ಟು ವರ್ಷ ಕರಗಿಸಿದೀನಿ. ಒಳಗಡೆ ಹಿಂಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ."

"ನಮ್ಮ ಉಕ್ಕಿಂದ ಎಳೆಯೋ ತಂತಿ ಕಿತ್ತು ಹೋಗೋದು ಈ ಗಂಟಿಂದಾನೇ. ಕುಲುಮೇಲಿ ಏನಾದ್ರೂ ಬದಲಾಯ್ತಾ?"

"ಕರಗಿದ ಉಕ್ಕಿಗೆ ಅಲ್ಯೂಮಿನಿಯಂ ಹಾಕಿ ಆಮೇಲೆ ಗ್ಯಾಸ್ ಊದ್ತೀವಲ್ಲ, ಆ ಹೊತ್ತನ್ನ ಅರ್ಧ ಮಾಡಿದ್ರು. ಕಸ ಮೇಲೆ ತೇಲೋಕೂ ಪುರಸೊತ್ತಿಲ್ಲ. ಬೇಡ ಅಂದೆ, ಯಾರೂ ಕೇಳ್ಲಿಲ್ಲ."

"ನಾನು ಕೇಳ್ತೀನಿ."

ಅವಳು ಕಾರ್ಖಾನೆಯ ದೊಡ್ಡ ಸಾಹೇಬರ ಬೆನ್ನು ಬಿದ್ದು ಹತ್ತು ದಿನದ ಗಡುವು ಪಡೆದಳು. ಅವನು ಮೊದಲಿನಷ್ಟೇ ಹೊತ್ತು ಗ್ಯಾಸ್ ಊದಿಸಿದ. ಚೂರು ತರಲು ಬೇರೆ ಆಳಿದ್ದರೂ ದಿನವೂ ತಾನೇ ತಂದ. ಅವನು ಬರುವ ಹೊತ್ತಿಗೆ ಅವಳು ತಲೆ ಬಾಚಿಕೊಳ್ಳತೊಡಗಿದಳು. 'ಇದೇನಾಯ್ತು ನನಗೆ?'

ಹನ್ನೊಂದನೆಯ ದಿನ ಸಭೆಯಲ್ಲಿ ಹಳೆಯ ಉಕ್ಕು, ಹೊಸ ಉಕ್ಕು ಎರಡರ ಚಿತ್ರವನ್ನೂ ತೋರಿಸಿದಳು. ಹೊಸದರಲ್ಲಿ ಗಂಟು ಒಂದೂ ಇರಲಿಲ್ಲ.

"ತಪ್ಪು ಮೇಸ್ತ್ರೀದಲ್ಲ ಸರ್, ನಮ್ಮ ಅವಸರದ್ದು. ಇದನ್ನ ಸರಿ ಮಾಡಿದ್ದು ಅವರು. ವರದೀಲಿ ಅವರ ಹೆಸರೂ ಹಾಕಿದೀನಿ."

ಸಾಹೇಬರು ಚಿತ್ರಗಳನ್ನು ಎರಡೆರಡು ಸಲ ನೋಡಿದರು. "ಮೇಸ್ತ್ರಿ ಕುಲುಮೇಲೇ ಇರ್ಲಿ. ಅವರು ಹೇಳಿದಷ್ಟು ಹೊತ್ತು ಊದಿ."

ಮೆಚ್ಚುಗೆ ಸಿಕ್ಕಿದ್ದು ಅವನಿಗೆ; ಆದರೂ ಇಷ್ಟು ಹೆಮ್ಮೆ ಅವಳಿಗೆ ಪದವಿ ಪಡೆದ ದಿನವೂ ಆಗಿರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಅವನು ಕಾದಿದ್ದ.

"ಮೇಡಂ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ನಿಮ್ಮನ್ನ ಇಷ್ಟಪಟ್ಟಿದೀನಿ. ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

ಅವಳು ಮೆಟ್ಟಿಲಿಳಿದು ಅವನ ಎದುರು ನಿಂತಳು.

"ಬನ್ನಿ. ಆದ್ರೆ ಹುಡುಗ ಏನ್ ಮಾಡ್ತಾನೆ ಅಂತ ಅಪ್ಪ ಕೇಳ್ತಾರೆ."

"ಏನಂತೀರಾ?"

"ಉಕ್ಕು ಮಾಡ್ತಾರೆ ಅಂತ ತಲೆ ಎತ್ತಿ ಹೇಳ್ತೀನಿ."

ಅವನ ಕಣ್ಣು ಒದ್ದೆಯಾಯಿತು. "ಸರಿ ಮೇಡಂ."

"ಅವತ್ತು ಅಪ್ಪನ ಮುಂದೆ ಮಾತ್ರ ಮೇಡಂ ಅನ್ಬೇಡಿ," ಎಂದು ಅವಳು ನಕ್ಕಳು.