ನಿಲ್ಲು ಅನ್ನಲಿಲ್ಲ, ನುಗ್ಗು ಅನ್ನಲಿಲ್ಲ

ನನ್ನಷ್ಟು ವೇಗವಾಗಿ ಸೈಕಲ್ ತುಳಿಯುವವನು ಈ ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನನ್ನು ನೋಡಿ ನಾಚಿಕೊಂಡು ಬಸ್ ಪಾಸ್ ಮಾಡಿಸಿಕೊಂಡಿರುತ್ತಾನೆ. ಲ್ಯಾಬಿನಲ್ಲಿ ತಯಾರಾದ ಹಲ್ಲು ಸೆಟ್ಟುಗಳನ್ನು ಕ್ಲಿನಿಕ್ಕುಗಳಿಗೆ ಮುಟ್ಟಿಸುವುದು ನನ್ನ ಕೆಲಸ. ನಾನು ಒಂದು ದಿನ ರಜೆ ಹಾಕಿದರೆ ಅರ್ಧ ಊರು ನಗುವುದನ್ನೇ ನಿಲ್ಲಿಸುತ್ತದೆ.

ಅಂಥ ನಾನು ಅವಳನ್ನು ಮೊದಲು ಕಂಡದ್ದು ಮುರಿದ ಮಣಿಕಟ್ಟು ಹಿಡಿದುಕೊಂಡು. ಆಸ್ಪತ್ರೆಯ ನೆಲಮಹಡಿಯ ಪ್ಲಾಸ್ಟರ್ ಕೋಣೆ. ಸ್ಟೀಲಿನ ಮೇಜು, ಬಕೆಟ್ಟಿನಲ್ಲಿ ಬಿಸಿನೀರು, ಗಾಳಿಯ ತುಂಬ ಬಿಳಿ ಪುಡಿ. ಅವಳ ರೆಪ್ಪೆಯ ಮೇಲೂ ಒಂದು ಚುಕ್ಕೆ ಕೂತಿತ್ತು. ಅವಳು ಕಣ್ಣು ಮಿಟುಕಿಸಿದಾಗಲೆಲ್ಲ ಅದು ಬೀಳುತ್ತದೇನೋ ಎಂದು ನಾನು ಉಸಿರು ಹಿಡಿದು ಕಾಯುತ್ತಿದ್ದೆ.

"ಏನಾಯ್ತು?"

"ಮೂರು ಲಾರಿ ಒಟ್ಟಿಗೆ ಬಂದ್ವು. ಎರಡನ್ನ ತಪ್ಪಿಸ್ದೆ."

ಅವಳು ನನ್ನ ಕೈಯನ್ನು ಹಗುರವಾಗಿ ತಿರುಗಿಸಿ ನೋಡಿದಳು. "ಲಾರಿ ಗುದ್ದಿದ ಕೈ ಹೀಗಿರಲ್ಲ. ಕಾರಿನ ಬಾಗಿಲು ತಾನೇ?"

"ದೊಡ್ಡ ಬಾಗಿಲು," ಎಂದೆ. "ಕೋಟೆ ಬಾಗಿಲಷ್ಟು ದೊಡ್ಡದು."

ಅವಳು ತುಟಿ ಕಚ್ಚಿ ನಗು ನುಂಗಿದಳು. "ರೈಲು ಬಿಡೋದ್ರಲ್ಲಿ ಎತ್ತಿದ ಕೈ ನೀವು. ಪುಣ್ಯಕ್ಕೆ ಮುರಿದಿರೋದು ಇನ್ನೊಂದು ಕೈ."

ಅವತ್ತಿನಿಂದ ಅವಳ ಬಾಯಲ್ಲಿ ನನ್ನ ಹೆಸರೇ ರೈಲು.

"ನಿಜ ಹೇಳ್ಲಾ ಮೇಡಂ?" ನಾನು ಹುರುಪಿನಿಂದ ಶುರುಮಾಡಿದೆ. "ಇವತ್ತು ಒಂದಿನ ಕಾನೂನು ಪಾಲಿಸ್ದೆ, ಅದಕ್ಕೇ ಈ ಗತಿ. ರಸ್ತೆ ಅಂಚಲ್ಲೇ ಹೋಗು ಅಂದ್ರು, ಹೋದೆ. ಬಾಗಿಲು ಬಂದು ಎದೆಗೆ ಬಡೀತು. ದಿನಾ ನಾನು ಹೇಗೆ ಹೋಗ್ತೀನಿ ಗೊತ್ತಾ? ಹಸಿರು ಬೀಳೋಕೆ ಒಂಚೂರು ಮುಂಚೆ ನುಗ್ಗಿಬಿಡ್ತೀನಿ. ಮುಂದೆ ಇದ್ರೆ ಲಾರಿಯವನಿಗೆ ನನ್ನ ಬೆನ್ನು ಕಾಣುತ್ತೆ. ಪಕ್ಕದಲ್ಲಿ ನಿಂತ್ರೆ ಯಾರಿಗೂ ಕಾಣಲ್ಲ."

ನೀರಿನೊಳಗೆ ಅವಳ ಕೈಗಳು ನಿಂತವು. ನೆನೆದ ಬ್ಯಾಂಡೇಜು ಅವಳ ಮುಷ್ಟಿಯಲ್ಲೇ ಗಟ್ಟಿಯಾಗಿಹೋಯಿತು. ಅದನ್ನು ಎಸೆದು ಇನ್ನೊಂದು ಸುರುಳಿ ತೆಗೆದುಕೊಂಡಳು. ನನ್ನ ರೂಪಕ್ಕೆ ಮರುಳಾದಳು ಎಂದುಕೊಂಡೆ. ನಾನು ಹಾಗೆ ಅಂದುಕೊಳ್ಳುವ ಆಸಾಮಿ.

ಪ್ಲಾಸ್ಟರ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಡಾಕ್ಟರು ಕರೆದಾಗ ಬರುತ್ತಾರೆ. ನಾನು ಕೆರೆತಕ್ಕೆ ಬಂದೆ, ಬಿಗಿತಕ್ಕೆ ಬಂದೆ, ಸಡಿಲಕ್ಕೂ ಬಂದೆ. ಪ್ಲಾಸ್ಟರಿನೊಳಗೆ ಇರುವೆ ಸಂಸಾರ ಹೂಡಿದೆ ಎಂದು ಹೇಳಿಕೊಂಡು ಬಂದ ದಿನ ಅವಳು ಟಾರ್ಚು ಬಿಟ್ಟು ಇಣುಕಿ ನೋಡಿ, "ಹೌದಲ್ಲ, ಮದುವೆ ಊಟ ನಡೀತಾ ಇದೆ," ಎಂದಳು. ಆ ಗಂಭೀರ ಮುಖಕ್ಕೆ ನಾನು ಸತ್ತೇ ಹೋದೆ.

ಮಧ್ಯಾಹ್ನ ಆಸ್ಪತ್ರೆಯ ಹಿಂಬದಿ ಮೆಟ್ಟಿಲ ಮೇಲೆ ಅವಳ ಊಟದ ಡಬ್ಬಿ ಬಿಚ್ಚಿಕೊಳ್ಳುತ್ತಿತ್ತು. ಒಂದೇ ಕೈಯ ಬಡಪಾಯಿ ಎಂದು ಅವಳೇ ನನಗೆ ಹಣ್ಣು ಹೆಚ್ಚಿಕೊಡುತ್ತಿದ್ದಳು. ನನ್ನ ಇನ್ನೊಂದು ಕೈ ಕಲ್ಲುಗುಂಡಿನಷ್ಟು ಗಟ್ಟಿಯಾಗಿತ್ತು. ನಾನು ಹೇಳಲಿಲ್ಲ.

"ಸಿಗ್ನಲ್ ಹಾರಿದವರೆಲ್ಲ ಕೊನೆಗೆ ನಮ್ಮ ಕೋಣೆಗೇ ಬರ್ತಾರೆ, ರೈಲು," ಎಂದಳು ಒಮ್ಮೆ.

"ನಿಂತವರು?"

"ಅವರೂ ಬರ್ತಾರೆ."

"ಹಾಗಾದ್ರೆ ಯಾವುದು ಸರಿ?"

ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚಿದಳು. ಅದು ಮೊದಲೇ ಮುಚ್ಚಿತ್ತು.

ಪ್ಲಾಸ್ಟರ್ ಬಿಚ್ಚುವ ಹಿಂದಿನ ಸಂಜೆ ಅವಳನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ಆಸ್ಪತ್ರೆಯ ಎದುರಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಒಂದು ಲಾರಿ ಗುರುಗುಟ್ಟುತ್ತ ನಿಂತಿತ್ತು. ಅದರ ಚಕ್ರದ ಪಕ್ಕದಲ್ಲಿ, ಒಂದು ಕಾಲು ನೆಲಕ್ಕೆ ಊರಿ, ಸೈಕಲ್ಲಿನ ಮೇಲೆ ಯಾರೋ ಹೆಂಗಸು. ನನ್ನ ಪಕ್ಕದಲ್ಲಿದ್ದ ಅವಳು ಇದ್ದಕ್ಕಿದ್ದಂತೆ ನನ್ನ ಒಳ್ಳೆಯ ಕೈಯನ್ನು ಹಿಡಿದಳು. ಹಸಿರು ಬಿತ್ತು. ಲಾರಿ ನೇರ ಹೋಯಿತು, ಸೈಕಲ್ಲೂ ಹೋಯಿತು. ಕೈ ಮಾತ್ರ ಹಿಡಿದೇ ಇತ್ತು.

ನನ್ನ ಎದೆಯ ಸದ್ದಿಗೆ ಇಡೀ ಬೀದಿಯ ಕಿಟಕಿಗಾಜು ಅದುರಿರಬೇಕು.

"ನಂಗೆ ನೀವು ಬೇಕು," ಎಂದೆ. ಹತ್ತು ಪುಟದ ಭಾಷಣ ತಯಾರಿತ್ತು. ಬಾಯಿಗೆ ಬಂದದ್ದು ಇಷ್ಟೇ. "ಮದುವೆ ಆಗೋಣ."

ಅವಳು ನಕ್ಕಳು. ಕಣ್ಣು ತುಂಬಿಕೊಂಡೇ ನಕ್ಕಳು. "ಇಷ್ಟು ಕೇಳೋಕೆ ಇಷ್ಟು ದಿನ ಬೇಕಾಯ್ತಾ? ಭಾರಿ ವೇಗ ಅಂತೀರಾ."

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಇವತ್ತು ನಾನು ಸಂಸಾರಸ್ಥ. ಪ್ರಪಂಚದ ಎಲ್ಲ ಪ್ರೇಮಿಗಳೂ ಆಡುವ ಮಾತನ್ನು ನಾನು ಇನ್ನಷ್ಟು ಜೋರಾಗಿ ಆಡಿದೆ.

"ಇವತ್ತಿಂದ ನೀವು ಹೇಳಿದ ಹಾಗೆ! ಕೆಂಪು ದೀಪಕ್ಕೆ ನಿಲ್ಲು ಅಂದ್ರೆ ನಿಲ್ತೀನಿ. ನುಗ್ಗು ಅಂದ್ರೆ ನುಗ್ತೀನಿ. ಒಂದು ಮಾತು ಹೇಳಿ ಸಾಕು."

ಅವಳ ಬೆರಳುಗಳು ಒಂದೊಂದಾಗಿ ನನ್ನ ಕೈಯಿಂದ ಜಾರಿದವು.

"ನನ್ನ ತಮ್ಮಂಗೂ ಒಂದು ಮಾತು ಹೇಳಿದ್ದೆ," ಎಂದಳು. "ಅವನೂ ನಿಮ್ಮ ಥರಾನೇ ನುಗ್ಗೋನು. ನನ್ನ ಮೇಲೆ ಆಣೆ ಹಾಕಿಸ್ಕೊಂಡೆ, ಕೆಂಪಿದ್ರೆ ನಿಲ್ಲಬೇಕು ಅಂತ. ನಿಂತ. ಲಾರಿ ಪಕ್ಕದಲ್ಲಿ ನಿಂತ. ಹಸಿರು ಬಿತ್ತು, ಲಾರಿ ತಿರುಗ್ತು. 'ಕಾಣಲೇ ಇಲ್ಲಮ್ಮಾ' ಅಂತ ಡ್ರೈವರ್ ತಲೆ ಚಚ್ಕೊಂಡು ಅಳ್ತಿದ್ದ."

ಬಸ್ಸೊಂದು ಬಂತು, ಹೋಯಿತು. ಅವಳದೇ ಬಸ್ಸು.

"ಹಾಗಾದ್ರೆ ನುಗ್ಗು ಅನ್ನಿ."

"ನುಗ್ಗಿದವರನ್ನ ದಿನಾ ಕಟ್ತೀನಿ. ಕೆಲವರನ್ನ ಕಟ್ಟೋ ಹಾಗೂ ಇರಲ್ಲ."

"ಸೈಕಲ್ಲೇ ಬಿಟ್ಟೆ. ಲ್ಯಾಬಲ್ಲಿ ಕೂತು ಹಲ್ಲು ತಿಕ್ಕಿಕೊಂಡಿರ್ತೀನಿ."

"ಅದೂ ನನ್ನ ಮಾತಿಗೇ ತಾನೇ? ನಾಳೆ ನೀವು ನಡ್ಕೊಂಡು ಹೋಗುವಾಗ ಏನಾದ್ರೂ ಆದ್ರೆ?"

"ಏನೂ ಹೇಳ್ಬೇಡಿ ಹಾಗಾದ್ರೆ! ಸುಮ್ನೆ ಇದ್ಬಿಡಿ ನನ್ನ ಜೊತೆ."

"ಅದೇ ನಂಗೆ ಬರಲ್ಲ." ಅವಳ ದನಿ ಒಡೆಯಿತು. "ಬಾಗಿಲಲ್ಲಿ ನಿಂತು ಹುಷಾರು ಅಂತೀನಿ. ಅಂದೇ ಅಂತೀನಿ. ಆ ಮಾತು ನೆನಪಾಗಿ ನೀವು ಒಂದು ಕ್ಷಣ ಬ್ರೇಕ್ ಹಿಡಿದ್ರೆ, ಆ ಕ್ಷಣದಲ್ಲೇ ಏನಾದ್ರೂ ಬಂದ್ರೆ... ಬೇಡ ರೈಲು. ಇನ್ನೊಬ್ಬರನ್ನ ನನ್ನ ಮಾತಲ್ಲಿ ಕಳಿಸಿ ಕಾಯೋಕೆ ನನ್ನಿಂದ ಆಗಲ್ಲ."

ಮಾರನೆಯ ದಿನ ಅವಳೇ ಪ್ಲಾಸ್ಟರ್ ಬಿಚ್ಚಿದಳು. ಪುಟ್ಟ ಗರಗಸ ಗುಂಯ್‌ಗುಟ್ಟಿತು. ಎರಡು ಹೋಳುಗಳ ನಡುವಿನಿಂದ ನನ್ನ ಕೈ ಬೇರೆ ಯಾರದೋ ಕೈಯಂತೆ ಹೊರಬಂತು, ಬಿಳಿಚಿಕೊಂಡು, ಬಡಕಲಾಗಿ. ಅವಳು ಅದನ್ನು ಬಿಸಿನೀರಿನಲ್ಲಿಟ್ಟು ತೊಳೆದಳು. ಬೆರಳಿನ ಸಂದು ಸಂದು ತೊಳೆದಳು. ನೀರು ಆರಿ ತಣ್ಣಗಾಯಿತು. ಅವಳು ತೊಳೆಯುತ್ತಲೇ ಇದ್ದಳು.

"ಮುಷ್ಟಿ ಬಿಗಿ ಹಿಡಿ," ಎಂದಳು. ಅದೇ ಮೊದಲ ಸಲ ನನ್ನನ್ನು ನೀನು ಎಂದದ್ದು.

ನಾನು ಅವಳ ಬೆರಳುಗಳನ್ನೇ ಸೇರಿಸಿ ಹಿಡಿದೆ.

"ಇನ್ನೂ ಗಟ್ಟಿ."

ಹಿಡಿದೆ.

"ಸರಿಯಾಗಿದೆ. ಬಿಡು ಈಗ."

"ನನಗೇನು ಕಮ್ಮಿ? ಹೊರಗೆ ಹೆಣ್ಣು ಕೊಡೋರ ಸಾಲು ಬಸ್ ಸ್ಟಾಪ್‌ವರೆಗೂ ನಿಂತಿದೆ," ಎಂದೆ. ನನ್ನ ಗಂಟಲಿನಿಂದ ಅದು ಹೊರಟ ರೀತಿ ನನಗೇ ಇಷ್ಟವಾಗಲಿಲ್ಲ.

"ಗೊತ್ತು," ಎಂದಳು. "ಯಾರಾದ್ರೂ ಒಳ್ಳೆಯವಳನ್ನ ಆರಿಸ್ಕೋ." ರೆಪ್ಪೆಯ ಮೇಲೆ ಕೂತ ಬಿಳಿ ಪುಡಿ ಒದ್ದೆಯಾಗಿ ಕೆನ್ನೆಗಿಳಿಯಿತು.

ಹೊರಬಂದೆ. ಸೈಕಲ್ ಹತ್ತಿದೆ. ಎದುರಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ, ಪಕ್ಕದಲ್ಲಿ ಲಾರಿ. ನಾನು ನಿಲ್ಲಲಿಲ್ಲ, ನುಗ್ಗಲೂ ಇಲ್ಲ. ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು, ನಡೆದು ದಾಟುವವರ ಗುಂಪಿಗೆ ಸೇರಿದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಯಾರ ಆಣೆಯೂ ಇದರ ಮೇಲಿರಲಿಲ್ಲ. ಇಷ್ಟನ್ನು ಅವಳು ಒಮ್ಮೆ ನೋಡಿಬಿಟ್ಟರೆ ಸಾಕು ಎಂದುಕೊಂಡು ರಸ್ತೆಯ ನಡುವೆ ಹಿಂದಿರುಗಿ ನೋಡಿದೆ.

ಪ್ಲಾಸ್ಟರ್ ಕೋಣೆಯ ಕಿಟಕಿಯಲ್ಲಿ ಅವಳಿದ್ದಳು. ರಸ್ತೆಗೆ ಬೆನ್ನು ಹಾಕಿ ನಿಂತಿದ್ದಳು. ಎರಡೂ ಅಂಗೈಗಳಿಂದ ಕಿವಿಗಳನ್ನು ಒತ್ತಿ ಮುಚ್ಚಿಕೊಂಡಿದ್ದಳು.

ಏಳು ಬೀದಿಗೆ ಕೇಳುವ ಕಂಠ ನನ್ನದು. ಆದರೂ ಕೂಗಲಿಲ್ಲ. ಆಚೆ ಬದಿ ಮುಟ್ಟಿದೆ, ನನಗೆ ಏನೂ ಆಗಲಿಲ್ಲ. ಅದನ್ನು ಅವಳಿಗೆ ಹೋಗಿ ಹೇಳುವವರು ಯಾರೂ ಇರಲಿಲ್ಲ.